ಕನ್ನಡಕ ತೆಗೆದಿಟ್ಟು ಕೇಳಿದ ಪ್ರಶ್ನೆಗಳು

ಮಕ್ಕಳಿಗೆ ಚಿತ್ರಪುಸ್ತಕ ಓದಿ ಹೇಳುವುದೆಂದರೆ ಹೊತ್ತು ಕಳೆಯುವ ಕೆಲಸವೆಂದು ದೊಡ್ಡ ದೊಡ್ಡವರೇ ತಿಳಿದಿದ್ದ ಕಾಲದಲ್ಲಿ, ಅದೂ ಒಂದು ವಿದ್ಯೆ ಎಂದು ನಂಬಿ, ಆ ನಂಬಿಕೆಗೆ ತಮ್ಮ ಇಡೀ ವೃತ್ತಿಜೀವನವನ್ನೇ ಧಾರೆಯೆರೆದವರು ನಮ್ಮ ಗ್ರಂಥಾಲಯದಿಂದ ಈಗ ನಿವೃತ್ತರಾಗುತ್ತಿರುವ ಮಕ್ಕಳ ವಿಭಾಗದ ಮುಖ್ಯಸ್ಥೆಯವರು. ಮಕ್ಕಳ ಓದಿನ ಕ್ಷೇತ್ರದಲ್ಲಿ ವಿದ್ವಾಂಸರಿಗೆ ಬರವಿಲ್ಲ. ಆದರೆ ಪುಸ್ತಕ ಬಿಡಿಸಿ, ಪ್ರಶ್ನೆ ಕೇಳಿ, ಆಮೇಲೆ ಬಾಯಿ ಮುಚ್ಚಿಕೊಂಡು ಕಾಯಬಲ್ಲವರು ಎಲ್ಲಿದ್ದಾರೆ ಹೇಳಿ! ಮೊದಲ ತಲೆಮಾರಿನ ಮಕ್ಕಳಿಗೆ ಅವರು 'ಆಮೇಲಕ್ಕ' ಆಗಿದ್ದರು, ಆ ಮಕ್ಕಳ ಮಕ್ಕಳಿಗೆ ಈಗ 'ಆಮೇಲಜ್ಜಿ'. ಬಡ್ತಿ ಎಂದರೆ ಅದು, ಇಲಾಖೆ ಕೊಟ್ಟದ್ದೆಲ್ಲ ಅದರ ಮುಂದೆ ಯಾವ ಲೆಕ್ಕ.

ಅವರು ಕೆಲಸಕ್ಕೆ ಸೇರಿದಾಗ ಮಕ್ಕಳ ವಿಭಾಗವೆಂಬುದು ಬಾಗಿಲ ಮೇಲಿನ ಫಲಕದಲ್ಲಿ ಮಾತ್ರ ಇತ್ತು. ಒಳಗೆ ಕಾಲು ಮುರಿದ ಕುರ್ಚಿಗಳು, ಹಳೆಯ ಪತ್ರಿಕೆಗಳ ಕಟ್ಟುಗಳು, ಅವುಗಳ ಹಿಂದೆ ಸುಖವಾಗಿ ಸಂಸಾರ ಹೂಡಿದ್ದ ಇಲಿಗಳು. ಅವರು ತಾವೇ ಎಲ್ಲವನ್ನೂ ಎಳೆದು ಹೊರಗೆ ಹಾಕಿ, ಗೋಡೆಗೆ ಸುಣ್ಣ ಬಳಿಸಿ, ಬಡಗಿಯನ್ನು ಕರೆಸಿ ಮೇಜುಗಳ ಕಾಲು ಅರ್ಧಕ್ಕೆ ಕತ್ತರಿಸಲು ಹೇಳಿದರು. "ಗಟ್ಟಿಮುಟ್ಟಾದ ಮೇಜು ತಾಯಿ, ನನ್ನ ಕೈಯಾರೆ ಕುಂಟು ಮಾಡು ಅಂತೀರಲ್ಲ" ಎಂದು ಅವನು ಗೋಗರೆದರೂ ಬಿಡಲಿಲ್ಲ. ಆ ಗಿಡ್ಡ ಮೇಜುಗಳ ಮುಂದೆ ಕೂತವರಲ್ಲಿ ಇಂದು ವೈದ್ಯರಿದ್ದಾರೆ, ಬಸ್ಸಿನ ಚಾಲಕರಿದ್ದಾರೆ, ಎರವಲು ಪಡೆದ ಪುಸ್ತಕ ಇನ್ನೂ ಹಿಂದಿರುಗಿಸದ ಮಹನೀಯರೂ ಇದ್ದಾರೆ.

ಆರಂಭದ ದಿನಗಳಲ್ಲಿ ಅವರ ಪ್ರಶ್ನೆಗಳೂ ಎಲ್ಲರ ಪ್ರಶ್ನೆಗಳಂತೆಯೇ ಇದ್ದವು: ಇದು ಯಾವ ಪ್ರಾಣಿ, ಅದು ಯಾವ ಬಣ್ಣ, ಕೊಂಬೆಯ ಮೇಲೆ ಎಷ್ಟು ಹಕ್ಕಿ? ಒಂದು ದಿನ ಮುಂದಿನ ಹಲ್ಲು ಬಿದ್ದಿದ್ದ ಪೋರಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಕೇಳಿಯೇಬಿಟ್ಟಳು: "ನಿಮಗೇ ಗೊತ್ತಿದೆಯಲ್ಲ, ಮತ್ತೆ ನಮ್ಮನ್ನ ಯಾಕೆ ಕೇಳ್ತೀರಿ?" ಅವರು ನಕ್ಕರು, ನಕ್ಕಾದ ಮೇಲೆ ಅದು ನಗುವ ಮಾತಲ್ಲವೆಂದು ಹೊಳೆಯಿತು. ಅಂದಿನಿಂದ ತಮಗೂ ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನಷ್ಟೇ ಕೇಳತೊಡಗಿದರು. ಈ ತಾತ ಕೊಡೆ ಮಡಚಿಕೊಂಡು ಮಳೆಯಲ್ಲಿ ಯಾಕೆ ನಿಂತಿದ್ದಾನೆ? ಈ ಬೆಕ್ಕು ಯಾರಿಗಾಗಿ ಕಾಯುತ್ತಿರಬಹುದು? ಮಗು ಏನೇ ಹೇಳಲಿ, ಅವರು ಶಭಾಷ್ ಎನ್ನಲಿಲ್ಲ, ತಪ್ಪು ಎನ್ನಲೂ ಇಲ್ಲ. "ಆಮೇಲೆ?" ಎಂದಷ್ಟೇ ಕೇಳುತ್ತಿದ್ದರು.

ಇನ್ನೊಂದು ಅಭ್ಯಾಸವಿತ್ತು. ಪ್ರಶ್ನೆ ಕೇಳಿದ ಕೂಡಲೇ ಕನ್ನಡಕ ತೆಗೆದು ಕರವಸ್ತ್ರದಿಂದ ಒರೆಸುತ್ತ ಕೂರುವುದು. ಕನ್ನಡಕವಿಲ್ಲದಿದ್ದರೆ ಅವರಿಗೆ ಎದುರಿನ ಗೋಡೆಯೂ ಸರಿಯಾಗಿ ಕಾಣದು. ಇದೆಂಥ ಧೂಳಪ್ಪ ಎಂದು ನಾವು ಸಹೋದ್ಯೋಗಿಗಳು ಬೆನ್ನ ಹಿಂದೆ ನಗುತ್ತಿದ್ದೆವು. ಒಮ್ಮೆ ಚಹಾ ಕುಡಿಯುವಾಗ ಅವರೇ ಹೇಳಿದರು: "ನಾನು ನೋಡ್ತಾ ಕೂತ್ರೆ ಮಗು ಉತ್ತರಾನ ನನ್ನ ಮುಖದಲ್ಲಿ ಹುಡುಕುತ್ತೆ. ನನಗೆ ಕಾಣಿಸ್ತಿಲ್ಲ ಅಂತ ಗೊತ್ತಾದ್ರೆ ಚಿತ್ರ ನೋಡುತ್ತೆ." ನಾವು ಆಮೇಲೆ ನಗಲಿಲ್ಲ.

ಈ ಅಭ್ಯಾಸದ ನಿಜವಾದ ಪರೀಕ್ಷೆ ನಡೆದದ್ದು ದರ್ಜಿಯ ಮಗಳ ವಿಷಯದಲ್ಲಿ. ಪಕ್ಕದ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಆ ದರ್ಜಿ, ಹೆಂಡತಿಯನ್ನು ಕಳೆದುಕೊಂಡವನು, ಮಗಳನ್ನು ಸಂಜೆಯ ಕಥೆಯ ಹೊತ್ತಿಗೆ ತಂದು ಬಿಟ್ಟುಹೋಗುತ್ತಿದ್ದ. ಮನೆಯಲ್ಲಿ ಅಪ್ಪನೊಡನೆ ಪಟಪಟನೆ ಹರಟುವ ಹುಡುಗಿ ಹೊಸಿಲು ದಾಟಿದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಶಾಲೆಯಲ್ಲಿ ಒಂದೇ ಒಂದು ಮಾತಾಡಿರಲಿಲ್ಲ, ಇಲ್ಲಿಯೂ ಅಷ್ಟೇ. ಕೊನೆಗೆ ಶಾಲೆಯವರು, ಇಂಥ ಮಕ್ಕಳಿಗೆಂದೇ ಇರುವ ದೂರದ ವಸತಿಶಾಲೆಯೊಂದಕ್ಕೆ ಕಳಿಸದೆ ಬೇರೆ ದಾರಿಯಿಲ್ಲ ಎಂದರು. ಮುಖ್ಯೋಪಾಧ್ಯಾಯಿನಿ ಕೆಟ್ಟವರಲ್ಲ; ನಿರ್ಧಾರಕ್ಕೆ ಮೊದಲು ಒಂದು ಸಂಜೆ ಕಥೆಯ ಕೋಣೆಯಲ್ಲಿ ಕೂತು ನೋಡುವುದಾಗಿ ತಾವೇ ಹೇಳಿಕಳಿಸಿದರು.

ಅವರು ಬರುವ ಹಿಂದಿನ ದಿನ ದರ್ಜಿ ಓಡಿಬಂದ. "ಅಮ್ಮಾ, ಒಂದೇ ಒಂದು ಉತ್ತರ ಬಾಯಿಪಾಠ ಮಾಡಿಸಿಬಿಡಿ. ಅವಳಿಲ್ಲದ ಮನೇಲಿ ನಾನು ಹೇಗಿರ್ಲಿ?"

"ಬಾಯಿಪಾಠ ಮಾಡಿಸಿದ್ರೆ ಮಾತಾಡೋದು ನಾನು, ಅವಳಲ್ಲ. ನಾಳಿದ್ದು ಮತ್ತೆ ಸುಮ್ಮನಾಗ್ತಾಳೆ, ಆಗೇನು ಮಾಡ್ತೀರಿ?"

ಹೇಳುವುದೇನೋ ಹೇಳಿದರು, ಆದರೆ ಅಂದು ರಾತ್ರಿಯಿಡೀ ಅದೇ ಯೋಚನೆ. ತಮ್ಮ ಹಟಕ್ಕೆ ಒಂದು ಮಗು ಅಪ್ಪನಿಂದ ದೂರವಾದರೆ ಏನು ಗತಿ ಎಂದು ಜೀವ ಹಿಡಿಯಾಯಿತು. ಇದನ್ನೆಲ್ಲ ಅವರು ಎಷ್ಟೋ ವರ್ಷಗಳ ನಂತರ ಹೇಳಿದ್ದು.

ಮರುದಿನ ಅವರು ಬಿಡಿಸಿದ ಪುಟದಲ್ಲಿ ಅಕ್ಷರವೇ ಇರಲಿಲ್ಲ. ಅರ್ಧ ತೆರೆದ ಬಾಗಿಲು, ಹೊರಗಿನ ಮೆಟ್ಟಿಲ ಮೇಲೆ ಒಂಟಿ ಬೂಟು. "ಇಲ್ಲಿ ಏನಾಗಿರಬಹುದು?" ಎಂದು ಕೇಳಿ ಕನ್ನಡಕ ತೆಗೆದರು. ಕಳ್ಳ ಬಂದಿದ್ದಾನೆ ಎಂದಿತು ಒಂದು ಮಗು. ಒಳಗೆ ಹಾಲು ಉಕ್ಕಿತು, ಅಮ್ಮ ಹಾಗೇ ಓಡಿಹೋದಳು ಎಂದಿತು ಇನ್ನೊಂದು. ಆಮೇಲೆ ಎಲ್ಲರೂ ಸುಮ್ಮನಾದರು. ಮುಖ್ಯೋಪಾಧ್ಯಾಯಿನಿಯ ಕುರ್ಚಿ ಕಿರುಗುಟ್ಟಿತು. ಬಾಗಿಲ ಬಳಿ ನಿಂತಿದ್ದ ದರ್ಜಿ ಕೊರಳಲ್ಲಿದ್ದ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ. ಕನ್ನಡಕ ಹಾಕಿಕೊಂಡರೆ ಪ್ರಶ್ನೆ ಮುಗಿದಂತೆ. ಅದಕ್ಕೇ ಅವರು ಒರೆಸಿದ್ದನ್ನೇ ಒರೆಸುತ್ತ ಕೂತರು.

ಆಗ, ಆ ಮಂಜಿನೊಳಗಿಂದ ಅವರು ಎಂದೂ ಕೇಳದ ದನಿಯೊಂದು ಬಂತು.

"ಇನ್ನೊಂದು ಬೂಟು ಒಳಗೆ ಹೋಗಿದೆ. ಇದಕ್ಕೆ ಭಯ."

ದರ್ಜಿ ಬಾಯಿಗೆ ಕೈ ಅಡ್ಡ ಹಿಡಿದ. ಅವರು ಮಾತ್ರ ತಲೆಯೆತ್ತಲಿಲ್ಲ, ಏನೂ ಆಗದವರ ಹಾಗೆ ಕೇಳಿದರು: "ಆಮೇಲೆ?"

"ಆಮೇಲೆ ಅದು ಹೊರಗೆ ಬಂದು ಇದರ ಪಕ್ಕ ಕೂತ್ಕೊಳುತ್ತೆ. ಇದು ಹೆದರೋದು ಮುಗಿಯೋವರೆಗೂ."

ಮುಖ್ಯೋಪಾಧ್ಯಾಯಿನಿ ಎದ್ದು, ಕಣ್ಣೊರೆಸಿಕೊಂಡು, "ನಮ್ಮಲ್ಲೇ ಇರ್ಲಿ ಬಿಡಿ. ನಾವೂ ಸ್ವಲ್ಪ ಕಾಯ್ತೀವಿ" ಎಂದರು. ಅಂದು ದರ್ಜಿ ಅಳುತ್ತ ನಗುತ್ತ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದದ್ದನ್ನು ಕಂಡವರು ನಾವಿನ್ನೂ ಇದ್ದೇವೆ.

ಸಹೋದ್ಯೋಗಿಗಳಿಗೆ ಅವರು ಮಾಡಿದ ಉಪಕಾರಗಳನ್ನು ಬರೆದರೆ ಅವರೇ ಬೈಯುತ್ತಾರೆ. ಪುಸ್ತಕ ಎರವಲು ಕೊಡುವ ಮೇಜಿನ ಸಹೋದ್ಯೋಗಿಯ ತಾಯಿ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಆ ಮೇಜನ್ನು ಬಾಯಿಬಿಡದೆ ನೋಡಿಕೊಂಡವರು ಅವರು. ಬೈದರೂ ಇದೊಂದನ್ನು ಬರೆಯದೆ ಇರಲಾಗದು.

ಆ ದರ್ಜಿಯ ಮಗಳು ಇಂದು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಕಲಾವಿದೆ. ಅವರ ನಿವೃತ್ತಿಗೆಂದು ನಾವು ತರುತ್ತಿರುವ ಈ ಅಭಿನಂದನ ಗ್ರಂಥದ ಮುಖಪುಟ ಅವಳದೇ. ಕಳೆದ ತಿಂಗಳು ಅದನ್ನು ಮೊದಲು ಅವರಿಗೇ ತೋರಿಸಬೇಕೆಂದು ತಂದಳು. ಕಥೆಯ ಕೋಣೆ ಅದೇ, ಗಿಡ್ಡ ಮೇಜುಗಳು ಅವೇ. ಚಿತ್ರದಲ್ಲಿ ನಮ್ಮ ಮಕ್ಕಳ ವಿಭಾಗದ ಬಾಗಿಲು ಅರ್ಧ ತೆರೆದಿದೆ. ಹೊರಗಿನ ಮೆಟ್ಟಿಲ ಮೇಲೆ ಅವರದೇ ಒಂಟಿ ಬೂಟು.

"ಏನಾಗಿರಬಹುದು?" ಎಂದು ಕೇಳಿ, ಈಗ ತನಗೂ ಬಂದಿರುವ ಕನ್ನಡಕವನ್ನು ತೆಗೆದು ಒರೆಸುತ್ತ ಕೂತಳು.

ಸದಾ ಕೇಳುವವರೇ ಆಗಿದ್ದ ಅವರು ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದರು. ಬಹಳ ಹೊತ್ತಿನ ಮೇಲೆ, ಮೆಲ್ಲಗೆ, "ಒಂದು ಹೊರಗೆ ಬಂದ್ಬಿಟ್ಟಿದೆ ಕಣೇ. ಒಳಗಿರೋ ಇನ್ನೊಂದಕ್ಕೆ ಭಯ" ಎಂದರು.

ಅವಳು ಸಮಾಧಾನ ಹೇಳಲಿಲ್ಲ, ತಲೆಯನ್ನೂ ಎತ್ತಲಿಲ್ಲ. "ಆಮೇಲೆ?" ಎಂದಳು.

ಅದಕ್ಕೆ ಅವರಿನ್ನೂ ಉತ್ತರ ಕೊಟ್ಟಿಲ್ಲ. ಕೊಡಲು ಅವರಿಗೆ ತುಂಬು ಆಯುಷ್ಯವೂ ಗಟ್ಟಿ ಆರೋಗ್ಯವೂ ಇರಲಿ, ಬಿಡಿಸಿ ನೋಡಲು ಎಂದೂ ಮುಗಿಯದಷ್ಟು ಪುಟಗಳಿರಲಿ, ಸುತ್ತ ಕೂತು ಕೇಳಲು ಮಕ್ಕಳಿರಲಿ ಎಂದು ಹಾರೈಸುತ್ತೇವೆ. ಅವಸರವೇನೂ ಇಲ್ಲ, ಅಮ್ಮಾ. ಹೆದರೋದು ಮುಗಿಯೋವರೆಗೂ ನಾವು ಪಕ್ಕದಲ್ಲೇ ಕೂತಿರ್ತೀವಿ.