ಕತ್ತರಿಗೆ ಕಟ್ಟಿದ ಕೆಂಪು ದಾರ

ನಮ್ಮ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುವವಳನ್ನು ಎಲ್ಲರೂ ಗುಂಡಿ ಅಕ್ಕ ಎನ್ನುತ್ತೇವೆ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ತೀರಿಹೋದ ಗಂಡನಿಂದ ಆಕೆಗೆ ಎಚ್‌ಐವಿ ಬಂದಿತ್ತು. ದಿನಾ ಮಾತ್ರೆ ನುಂಗಿ ಗಟ್ಟಿಮುಟ್ಟಾಗಿದ್ದಳು. ಅಂಗಡಿಯಲ್ಲಿ ಯಾರಿಗೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಆಸ್ಪತ್ರೆಯ ನೌಕರನೊಬ್ಬ ಬಾಯಿ ಬಿಟ್ಟ. ಸುದ್ದಿ ಯಜಮಾನರ ಕಿವಿಗೆ ಬಿತ್ತು.

"ನಾಳೆಯಿಂದ ಬರಬೇಡಮ್ಮ" ಎಂದರು.

ಅಕ್ಕ ಅಳುತ್ತಾ ಕೂರಲಿಲ್ಲ. ಬಡವರಿಗೆ ಪುಕ್ಕಟೆಯಾಗಿ ವಾದಿಸುವ ವಕೀಲೆಯ ಬಳಿ ಹೋದಳು. ಈ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ, ಮುಟ್ಟಿದರೆ, ಜೊತೆಗೆ ಕೂತರೆ ಅಂಟುವ ಕಾಯಿಲೆಯೂ ಇದಲ್ಲ ಎಂದು ವಕೀಲೆ ಯಜಮಾನರಿಗೆ ಬಿಡಿಸಿ ಹೇಳಿದರು. ಯಜಮಾನರು ಬಾಲ ಮುದುರಿಕೊಂಡರು.

ಕೆಲಸ ಉಳಿಯಿತು, ಜಾಗ ಹೋಯಿತು. ನಾವೆಲ್ಲ ಸುತ್ತ ಕೂರುವ ದೊಡ್ಡ ಮೇಜಿನಿಂದ ಆಕೆಯ ಸ್ಟೂಲನ್ನು ಕಟಿಂಗ್ ಮಾಸ್ಟರು ಬಾಗಿಲ ಬಳಿಗೆ ಹಾಕಿದರು. ಒಂದು ಕತ್ತರಿಯ ಹಿಡಿಗೆ ಕೆಂಪು ದಾರ ಬಿಗಿದು ಕೊಟ್ಟರು. "ಇದು ನಿಂದು. ಬೇರೆಯವರದ್ದು ಮುಟ್ಬೇಡ." ನನಗಂತೂ ಮೈ ಉರಿಯಿತು.

"ಸಂಬಳ ಕೊಟ್ರೆ ಆಯ್ತಾ? ನನ್ನ ಜಾಗ ನನಗೆ ಬೇಕು" ಎಂದು ಅಕ್ಕ ಕೇಳಿದಾಗಲೆಲ್ಲ ಯಜಮಾನರದು ಒಂದೇ ರಾಗ, "ನೋಡೋಣ, ನೋಡೋಣ."

ನಮ್ಮ ಅಂಗಡಿಯ ಕತ್ತರಿಗಳ ಹಣೆಬರಹ ಕೇಳಬೇಡಿ. ರಟ್ಟು, ಪ್ಲಾಸ್ಟಿಕ್ಕು, ಏನು ಸಿಕ್ಕಿದರೂ ಅದರಲ್ಲೇ ಕತ್ತರಿಸುತ್ತೇವೆ. ಅಕ್ಕನ ಕತ್ತರಿಯನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲವಲ್ಲ, ಅದರ ಬಾಯಿ ಹೊಸದರಂತೆಯೇ ಇತ್ತು.

ಒಂದು ದಿನ ದುಬಾರಿ ರೇಷ್ಮೆ ಬಟ್ಟೆಯೊಂದು ಬಂತು. ಗಿರಾಕಿ ಎದುರಲ್ಲೇ ನಿಂತಿದ್ದರು. ಮಾಸ್ಟರ ಕತ್ತರಿ ಅಂಚನ್ನು ಅಗಿಯತೊಡಗಿತು. ಇನ್ನೊಂದು ತೆಗೆದುಕೊಂಡರು, ಅದೂ ಅಷ್ಟೇ. ಕೊನೆಗೆ ಬಾಗಿಲ ಬಳಿ ಬಂದರು.

"ಅಕ್ಕಾ, ನಿನ್ನ ಕತ್ತರಿ ಸ್ವಲ್ಪ ಕೊಡ್ತೀಯಾ?"

"ತಗೊಳ್ಳಿ ಮಾಸ್ಟ್ರೇ. ಮೊದಲು ನೀವು ಕಟ್ಟಿದ ದಾರ ತೆಗೀರಿ."

ಗಂಟು ಉಗುರಿಗೆ ಬಗ್ಗಲಿಲ್ಲ. ಗಿರಾಕಿ ಗಡಿಯಾರ ನೋಡಿದರು. ಮಾಸ್ಟರು ಜೀವಮಾನವೆಲ್ಲ ಮಾಡಿಕೊಂಡು ಬಂದಂತೆ ಹಿಡಿಯನ್ನು ಬಾಯಿಗೆ ಒಯ್ದು ದಾರವನ್ನು ಹಲ್ಲಿನಲ್ಲಿ ಕಡಿದರು.

ಮೆಷಿನುಗಳೆಲ್ಲ ನಿಂತವು. ತುಟಿಯಲ್ಲಿ ದಾರದ ತುಂಡು ಹಾಗೇ ಇತ್ತು. ಮಾಸ್ಟರ ಮುಖ ಬಿಳಿಚಿಕೊಂಡಿತು.

"ಏನೂ ಆಗಲ್ಲ, ಉಗೀರಿ ಅದನ್ನ" ಎಂದಳು ಅಕ್ಕ. "ರೇಷ್ಮೆ ಕಾಯ್ತಾ ಇದೆ."

ಆಮೇಲೆ ಸ್ಟೂಲು ಎತ್ತಿಕೊಂಡು ದೊಡ್ಡ ಮೇಜಿನ ಬಳಿ ಬಂದಳು. "ಸ್ವಲ್ಪ ಸರೀರಿ" ಎಂದಳು. ಯಜಮಾನರು ಮತ್ತೆ "ನೋಡೋಣ" ಎನ್ನಲು ಹೊರಟರು. ಮೊದಲು ಸರಿದು ಜಾಗ ಬಿಟ್ಟವರು ಮಾಸ್ಟರೇ.