ಮಾಡದ ತಪ್ಪಿಗೆ ಚೌಕಾಸಿ

ನೂರೈವತ್ತು ರೂಪಾಯಿ. ಹೆಬ್ಬೆರಳಷ್ಟು ಉದ್ದದ ಒಂದು ಮಣ್ಣಿನ ಗೊಂಬೆಗೆ ನಮ್ಮಮ್ಮ ಕೊಟ್ಟ ಬೆಲೆ ಅದು. ಗೊಂಬೆ ನಮ್ಮ ಮನೆಗೆ ಬರಲಿಲ್ಲ. ನಾವದನ್ನು ಮುಟ್ಟಿಯೂ ಇರಲಿಲ್ಲ. ಮತ್ತೆ ಯಾಕೆ ಕೊಟ್ಟಳು ಅಂದರೆ, ನಮ್ಮಕ್ಕನ ಓದು ಉಳೀಲಿ ಅಂತ. ಓದು ಉಳಿಯಲಿಲ್ಲ. ನಾನೀಗ ವಿಜಯನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದೀನಿ; ಗಾರ್ಮೆಂಟ್ಸ್‌ನವರು ಬೇಡ ಅಂದ ಮಾಲನ್ನ ಕೆ.ಜಿ. ಲೆಕ್ಕದಲ್ಲಿ ಎತ್ತಿ ತಂದು ಮಾರ್ತೀನಿ. ನನ್ನ ಹತ್ತಿರ ಚೌಕಾಸಿ ಮಾಡಿ ಗೆದ್ದವರು ಕಡಿಮೆ. ಇಷ್ಟು ವರ್ಷದ ವ್ಯಾಪಾರದಲ್ಲಿ ನೂರೆಂಟು ಮೋಸ ನೋಡಿದ್ದೀನಿ, ಆದರೆ ಅವತ್ತು ಅಮ್ಮ ಮಾಡಿದಂಥ ಕೆಟ್ಟ ವ್ಯಾಪಾರ ಇನ್ನೊಂದು ನೋಡಿಲ್ಲ.

ಆಗ ನಾವಿದ್ದದ್ದು ಲಗ್ಗೆರೆಯ ಒಂದು ವಠಾರದಲ್ಲಿ. ಅಪ್ಪನಿಗೆ ಪೀಣ್ಯದಲ್ಲಿ ಲೇತ್ ಕೆಲಸ. ಅಮ್ಮ ಬೆಳಗಿನ ಜಾವ ಮಾರ್ಕೆಟ್ಟಿಂದ ಬಿಡಿ ಹೂ ತಂದು, ಕಟ್ಟಿ, ಬಸವೇಶ್ವರನಗರದ ಮನೆಗಳಿಗೆ ದಿನಾ ತಪ್ಪದೆ ವರ್ತನೆಗೆ ಹಾಕುತ್ತಿದ್ದಳು. ಹೂವಿನವಳದ್ದು ಒಂಥರಾ ಮರ್ಯಾದೆ. ಅವಳು ಕಟ್ಟಿದ ಹೂ ದೇವರ ತಲೆ ಮೇಲೆ, ಅವಳು ಗೇಟಿನಾಚೆ. ಬೆಳಿಗ್ಗೆ ಎದುರಿಗೆ ಬಂದರೆ ಒಳ್ಳೇ ಶಕುನ ಅನ್ನುತ್ತಿದ್ದವರೇ, ಅವಳು ನೀರು ಕೇಳಿದರೆ ನಲ್ಲಿ ತೋರಿಸುತ್ತಿದ್ದರು.

ಆ ಮನೆಗಳಲ್ಲಿ ಒಂದು, ರಿಟೈರಾದ ಗಣಿತದ ಟೀಚರ್‌ದು. ನಾವು ಮೇಡಂ ಅಂತಿದ್ವಿ. ಅಮ್ಮ ಹೂ ಅಳೆಯುವಾಗ ಅಕ್ಕ ಗೇಟಿನ ಮೆಟ್ಟಿಲ ಮೇಲೆ ಕೂತು ಲೆಕ್ಕ ಮಾಡೋದನ್ನ ನೋಡಿ, “ನಾಳೆಯಿಂದ ಇವಳನ್ನ ನನ್ನ ಹತ್ರ ಕಳಿಸು. ದುಡ್ಡುಗಿಡ್ಡು ಬೇಡ” ಅಂದರು. ಅಕ್ಕ ಆಗ ಎಸ್ಸೆಸ್ಸೆಲ್ಸಿ. ಗಣಿತ ಒಂದೇ ಅವಳಿಗೆ ಕಾಟ. ಸುಳ್ಳು ಯಾಕೆ ಹೇಳಲಿ, ಮೇಡಂ ಚೆನ್ನಾಗಿ ಹೇಳಿಕೊಡ್ತಿದ್ದರು. ಫೀಸು ಕೊಡೋ ಮಕ್ಕಳು ಹಾಲ್‌ನಲ್ಲಿ ಕುರ್ಚಿ ಮೇಲೆ, ಅಕ್ಕ ವರಾಂಡದಲ್ಲಿ ಚಾಪೆ ಮೇಲೆ. “ಒಳಗಿದ್ದೋರಿಗೆ ಫ್ಯಾನ್ ಗಾಳಿ, ನನಗೆ ಬೇವಿನ ಗಾಳಿ. ಬಿಲ್ಲು ಬರಲ್ಲ” ಅಂತ ಅಕ್ಕ ನಗುತ್ತಿದ್ದಳು. ಒಂದು ದಿನ ಮೇಡಂ, “ಫಸ್ಟ್ ಕ್ಲಾಸ್ ತಗೋ ಸಾಕು, ಪಿಯುಸಿ ಸೀಟಿಗೆ ನಾನು ಮಾತಾಡ್ತೀನಿ” ಅಂದರಂತೆ. ಆ ಮಾತನ್ನ ಅಮ್ಮ ವಠಾರದ ಎಲ್ಲ ಮನೆಗೂ ಹೇಳಿಕೊಂಡು ಬಂದಳು. ನಮ್ಮ ಕಡೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರು ಯಾರೂ ಇರಲಿಲ್ಲ.

ದಸರಾ ಬಂತು. ಸಂಜೆಯಾದರೆ ಮಕ್ಕಳು ಗುಂಪು ಕಟ್ಟಿಕೊಂಡು “ರೀ... ಗೊಂಬೆ ಕೂರ್ಸಿದೀರಾ?” ಅಂತ ಮನೆ ಮನೆ ಮುಂದೆ ಕೂಗೋದು, ಗೊಂಬೆ ನೋಡಿದ ಮೇಲೆ ತಿಂಡಿ ಇಸ್ಕೊಳ್ಳೋದು. ಆ ರಸ್ತೆಯಲ್ಲಿ ಬಹಳ ಮನೆಗಳಲ್ಲಿ ಎರಡು ಡಬ್ಬ ಇರೋದು. ಲೇಔಟ್ ಮಕ್ಕಳಿಗೆ ಚಕ್ಕುಲಿ, ರವೆ ಉಂಡೆಯ ಡಬ್ಬ. ನಮ್ಮ ಕಡೆಯಿಂದ ಹೋದ ಮಕ್ಕಳಿಗೆ ಕಡಲೆಪುರಿ ಡಬ್ಬ, ಅದೂ ಗೇಟಿನ ಮೇಲಿಂದ. ನಮ್ಮನ್ನು ನೋಡಿದ ತಕ್ಷಣ ಅವರ ಕೈ ತಾನಾಗೇ ಯಾವ ಡಬ್ಬಕ್ಕೆ ಹೋಗುತ್ತೆ ಅಂತ ನಮಗೆ ಗೊತ್ತಿತ್ತು. ಕಡಲೆಪುರಿನೂ ರುಚಿನೇ ಅಂತ ತಿಂದುಕೊಂಡು ಬರ್ತಿದ್ವಿ.

ಒಂದು ಸಂಜೆ ಅಕ್ಕ ಪಾಠಕ್ಕೆ ಹೊರಟಾಗ ನಾನೂ ಗೊಂಬೆ ನೋಡ್ತೀನಿ ಅಂತ ಜೊತೆಗೆ ಬಿದ್ದೆ. ಮೇಡಂ ನನ್ನನ್ನ ಹಾಲ್ ಒಳಗೇ ಬಿಟ್ಟರು. ಅಕ್ಕ ವರಾಂಡದಲ್ಲೇ ಲೆಕ್ಕ ಮಾಡುತ್ತ ಕೂತಳು. ಒಳಗೆ ಬಿಳಿ ಪಂಚೆ ಹಾಸಿದ ಮೆಟ್ಟಿಲುಗಳು, ಮೇಲೆ ಪಟ್ಟದ ಗೊಂಬೆ, ಕೆಳಗೆ ಮದುವೆ ಸೆಟ್: ಗಂಡು, ಹೆಣ್ಣು, ಪುರೋಹಿತರು, ಓಲಗದವರು. ರಜಕ್ಕೆ ಬಂದಿದ್ದ ಮೇಡಂ ಮೊಮ್ಮಗಳು, ಹೆಚ್ಚುಕಡಿಮೆ ನನ್ನದೇ ವಯಸ್ಸು, ಡೋಲು ಬಾರಿಸೋ ಗೊಂಬೆಯನ್ನ ಎತ್ತಿಕೊಂಡು “ಡುಂ ಡುಂ” ಅಂತ ಮೆಟ್ಟಿಲ ಮೇಲೆ ನಡೆಸ್ತಿದ್ದಳು. ನನಗೆ ಕೊಡು ಅಂತ ನಾನು ಕೇಳಲೂ ಇಲ್ಲ. ಅವಳು ಅದನ್ನ ಹಿಡಿದುಕೊಂಡೇ ಹಿತ್ತಲ ಕಡೆ ಓಡಿಹೋದಳು.

ಸ್ವಲ್ಪ ಹೊತ್ತಿಗೆ ಅಕ್ಕಪಕ್ಕದ ಹೆಂಗಸರು ಅರಿಶಿನ ಕುಂಕುಮಕ್ಕೆ ಬಂದರು. ಎದುರು ಮನೆ ಆಂಟಿ ಗೊಂಬೆ ನೋಡುತ್ತ, “ಡೋಲಿನವನೆಲ್ಲಿ ರೀ? ನಿನ್ನೆ ಇದ್ದ” ಅಂದರು. ಎಲ್ಲರೂ ಹುಡುಕಿದರು. ಇಲ್ಲ.

“ಇವತ್ತು ಯಾರ್ಯಾರು ಬಂದಿದ್ರು?” ಅಂದರು ಆಂಟಿ.

ಬೀದಿಯ ಅರ್ಧ ಮಕ್ಕಳು ಬಂದು ಹೋಗಿದ್ದರು. ಒಂದು ಮಗುವಿನ ಹೆಸರೂ ಯಾರ ಬಾಯಿಗೂ ಬರಲಿಲ್ಲ. ಕಣ್ಣೆಲ್ಲ ವರಾಂಡದ ಕಡೆ ತಿರುಗಿತು.

ಅಕ್ಕನ ಜಾಮಿಟ್ರಿ ಬಾಕ್ಸ್ ಸುರಿದು ನೋಡಿದರು. ಬ್ಯಾಗ್ ಕೊಡವಿದರು. ನನ್ನ ಲಂಗದ ನೆರಿಗೆ ಬಿಚ್ಚಿ ನೋಡಿದರು. ಸಿಗಲಿಲ್ಲ. ಸಿಗದಿದ್ದರೆ ಅಲ್ಲಿಗೆ ಮುಗೀಬೇಕಲ್ಲ? “ಇಷ್ಟೊತ್ತಿಗೆ ಯಾರ ಕೈಗೋ ದಾಟಿಸಿರ್ತಾರೆ ಕಣ್ರೀ, ಇವರೆಲ್ಲ ಒಂದೇ ಗ್ಯಾಂಗು” ಅಂದರು ಆಂಟಿ. ಸಿಕ್ಕಿದ್ದರೆ ಕಳ್ಳಿ, ಸಿಗದಿದ್ದರೆ ಜಾಣ ಕಳ್ಳಿ.

ನಾನು ಮೊಮ್ಮಗಳ ಕಡೆ ಕೈ ತೋರಿಸಿದೆ. “ಅವಳ ಕೈಲಿತ್ತು. ನಾನು ನೋಡ್ದೆ.”

ಮೇಡಂ ಕೇಳಿದರು: “ಪುಟ್ಟಿ, ನೀನು ತಗೊಂಡ್ಯಾ?”

“ಇಲ್ಲ ಅಜ್ಜಿ.”

“ಅವಳ ಮನೆ ಗೊಂಬೇನ ಅವಳೇ ಯಾಕೆ ಕದೀತಾಳೆ?” ಅಂದರು ಆಂಟಿ. “ಎಷ್ಟುದ್ದ ಇದ್ದಾಳೆ, ನಾಲಿಗೆ ನೋಡಿ.”

ಕದ್ದಳು ಅಂತ ನಾನೆಲ್ಲಿ ಹೇಳಿದ್ದೆ? ಕೈಲಿತ್ತು ಅಂದಿದ್ದೆ. ಮೇಡಂ ಗಣಿತದ ಟೀಚರ್, ಅವರಿಗೆ ಆ ವ್ಯತ್ಯಾಸ ಗೊತ್ತಾಗಬೇಕಿತ್ತು. ಒಂದು ಗಳಿಗೆ ಅವರು ಮೊಮ್ಮಗಳನ್ನೇ ನೋಡುತ್ತ ನಿಂತರು. ಆಮೇಲೆ ನೋಡೋದು ಬಿಟ್ಟರು.

ಅಷ್ಟೊತ್ತಿಗೆ ಸಂಜೆ ಹೂ ಕೊಡೋಕೆ ಅಮ್ಮ ಬಂದಳು. ವಿಷಯ ಗೊತ್ತಾಯ್ತು. ಅಕ್ಕ ಅಳುತ್ತ, “ಅಮ್ಮ, ನಾನು ತಗೊಂಡಿಲ್ಲ ಕಣಮ್ಮ” ಅಂದಳು.

“ಗೊತ್ತು, ಸುಮ್ನಿರೇ” ಅಂದಳು ಅಮ್ಮ.

ಮೇಡಂ ಮೆತ್ತಗೆ ಮಾತಾಡಿದರು. “ನೋಡಮ್ಮ, ನಾನು ಪೊಲೀಸು ಗಿಲೀಸು ಅಂತ ಹೋಗೋಳಲ್ಲ. ವಯಸ್ಸು ಹಾಗೆ, ಆಸೆ ಆಗಿರತ್ತೆ. ಸೆಟ್ ಹಾಳಾಯ್ತಲ್ಲ ಅಂತ ಬೇಜಾರು ಅಷ್ಟೆ. ಮುನ್ನೂರು ರೂಪಾಯಿ ಸೆಟ್ಟು.”

ಮುನ್ನೂರು ಅಂತ ಕಿವಿಗೆ ಬಿದ್ದದ್ದೇ ತಡ, ಅಮ್ಮನ ಬಾಯಿ ಅದರ ಪಾಡಿಗೆ ಅದು ಶುರುವಾಯ್ತು. ಹುಟ್ಟಿದಾರಭ್ಯ ಮಾಡಿಕೊಂಡು ಬಂದ ಕಸುಬು.

“ಒಂದು ಗೊಂಬೆಗೆ ಮುನ್ನೂರಾ ಅಮ್ಮಾವ್ರೇ? ಮಿಕ್ಕಿದ್ದೆಲ್ಲ ಇದ್ಯಲ್ಲ. ನೂರು ಮಾಡ್ಕೊಳ್ಳಿ.”

“ಬಿಡಿ ಗೊಂಬೆ ಯಾರಮ್ಮ ಮಾರ್ತಾರೆ?”

“ನೂರಿಪ್ಪತ್ತು.”

“ಇರ್ಲಿ ಬಿಡು, ಇನ್ನೂರು ಕೊಡು.”

“ನೂರೈವತ್ತು ಅಮ್ಮಾವ್ರೇ, ಇದೇ ಕೊನೆ. ಮಗೂಗೆ ಪಾಠ ಮಾತ್ರ ನಿಲ್ಲಿಸ್ಬೇಡಿ.”

ಮೇಡಂ ತಲೆಯಾಡಿಸಿದರು. ಅಮ್ಮ ಸೊಂಟದ ಚೀಲದಿಂದ ಹಬ್ಬದ ವ್ಯಾಪಾರದ ದುಡ್ಡು ತೆಗೆದು ಎಣಿಸಿಕೊಟ್ಟಳು. ಎದುರು ಮನೆ ಆಂಟಿ ಪಕ್ಕದವರಿಗೆ ಹೇಳಿದ್ದು ನಮಗೆಲ್ಲ ಕೇಳಿಸ್ತು: “ತಗೊಂಡಿಲ್ಲ ಅಂದ್ರೆ ದುಡ್ಡ್ಯಾಕ್ರೀ ಕೊಡ್ತಾಳೆ?”

ಅಲ್ಲಿಗೆ ತೀರ್ಪಾಯ್ತು. ನಾನು ಕಣ್ಣಾರೆ ನೋಡಿದ್ದಕ್ಕೆ ಬೆಲೆ ಇರಲಿಲ್ಲ, ಅಮ್ಮ ಕೊಟ್ಟ ನೋಟಿಗೆ ಇತ್ತು. ನಮ್ಮಮ್ಮ ಪೆದ್ದಿಯಲ್ಲ. ಮೊಳದಲ್ಲಿ ಬೆರಳಷ್ಟು ಜಾಸ್ತಿ ಕೇಳಿದರೂ ಬಿಡೋಳಲ್ಲ. ಆದರೆ ರೇಟು ಇಳಿಸೋಕೆ ಬಾಯಿ ತೆಗೆದವನು ಮಾಲು ತನ್ನದು ಅಂತ ಒಪ್ಪಿಕೊಂಡ ಹಾಗೆ ಅನ್ನೋದು ಅವಳಿಗೆ ಆ ಹೊತ್ತಿಗೆ ಹೊಳೀಲಿಲ್ಲ. ಮನೆಗೆ ಹೋಗೋ ದಾರಿಯಲ್ಲಿ ಇನ್ನೂ ಸಮಾಧಾನ ಮಾಡಿಕೊಳ್ತಿದ್ದಳು.

“ಮುನ್ನೂರು ಅಂದ್ಲು. ಅರ್ಧಕ್ಕೆ ಇಳಿಸ್ದೆ.”

“ತಗೊಳ್ದೇ ಇರೋದಕ್ಕೆ ಅರ್ಧ ರೇಟಾ ಅಮ್ಮ?” ಅಂದಳು ಅಕ್ಕ.



ಮಾರನೇ ದಿನ ಅಕ್ಕ ಪುಸ್ತಕ ಹಿಡಿದು ಹೋದಳು. ಮೇಡಂ ಗೇಟಿಗೇ ಬಂದು, “ಹಬ್ಬ ಕಳೀಲಮ್ಮ. ಹೇಳಿ ಕಳಿಸ್ತೀನಿ” ಅಂದರು. ಅಮ್ಮ ವಿಜಯದಶಮಿ ದಿನ ಹೂ ಕೊಡೋಕೆ ಹೋದಾಗ ಬಾಗಿಲು ತೆರೆದಿತ್ತು. ಡೋಲಿನವನು ಅವನ ಜಾಗದಲ್ಲೇ ನಿಂತಿದ್ದ, ಕುತ್ತಿಗೆ ಸುತ್ತ ಗೋಂದು ಒಣಗಿ ಕಂದು ಗೆರೆ. ಅಮ್ಮ ನೋಡಿದ್ದನ್ನ ಮೇಡಂ ನೋಡಿದರು. “ಬೇರೆ ತಂದ್ವಿ” ಅಂದರು.

ಅಮ್ಮ ಮನೆಗೆ ಬಂದು ಹೇಳಿದಾಗ ಅಕ್ಕ ಎದ್ದು ನಿಂತಳು. “ಬಾ, ಈಗ್ಲೇ ಹೋಗಿ ಕೇಳೋಣ. ದುಡ್ಡು ವಾಪಸ್ ಕೇಳೋಣ.”

“ಕೇಳಿ? ನಾಳೆ ಆ ರಸ್ತೇಲಿ ಹೂ ಯಾರು ತಗೋತಾರೆ? ನಿಮ್ಮಪ್ಪನಾ?”

ಹೂವಿನ ವರ್ತನೆ ನಿಲ್ಲಲಿಲ್ಲ. ಮೇಡಂ ಮನೆಗೂ ಹಾಕಿದಳು, ಎಷ್ಟೋ ವರ್ಷ. ಹೇಳಿ ಕಳಿಸೋದು ಮಾತ್ರ ಬರಲೇ ಇಲ್ಲ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದು, ಬೇರೆ ಯಾರನ್ನೂ ನಾವು ಹುಡುಕಲಿಲ್ಲ. ಲಗ್ಗೆರೆಯಲ್ಲೇ ಕಡಿಮೆ ಫೀಸಿಗೆ ಹೇಳಿಕೊಡೋರು ಇದ್ದರು. ಅವರ ಹತ್ತಿರ ಹೋದರೆ ಮೇಡಂಗೆ ಬೇಜಾರಾಗಿ ಸೀಟು ತಪ್ಪಬಹುದು ಅಂತ ಅಮ್ಮನಿಗೆ ಭಯ. ಅಕ್ಕ ಗಣಿತದಲ್ಲಿ ಫೇಲಾದಳು. ಆ ಮಳೆಗಾಲಕ್ಕೆ ಪೀಣ್ಯದಲ್ಲಿ ಗಾರ್ಮೆಂಟ್ಸ್ ಸೇರಿದಳು. ಅವಳ ಮೊದಲ ಸಂಬಳದಿಂದ ನನ್ನ ಸ್ಕೂಲ್ ಫೀಸು ಕಟ್ಟಿದರು. ನಾನು ಬಿ.ಕಾಂ. ಮಾಡಿದ್ದು ಹಾಗೆ. ಇದನ್ನ ನಾನು ತ್ಯಾಗಗೀಗ ಅಂತ ಹೇಳೋದಿಲ್ಲ, ಅವಳೂ ಹೇಳಲ್ಲ. “ನನಗೆ ಓದಬೇಕಿತ್ತು ಕಣೇ” ಅಂತಾಳೆ, ಅಷ್ಟೆ.

ಈಗ ಅಕ್ಕನ ಮಗಳು ಹತ್ತನೇ ಕ್ಲಾಸು. ಅನ್ನಪೂರ್ಣೇಶ್ವರಿ ನಗರದಲ್ಲಿ ಒಂದೇ ಮನೆಯಲ್ಲಿದ್ದೀವಿ. ಕೆಳಗಿನ ಪೋರ್ಷನ್‌ನಲ್ಲಿರೋ ರಿಟೈರಾದ ಮೇಷ್ಟ್ರು, “ಹುಡುಗೀನ ಕಳಿಸಿ, ಫೀಸೇನೂ ಬೇಡ, ನನಗೂ ಹೊತ್ತು ಹೋಗತ್ತೆ” ಅಂದರು. ಒಳ್ಳೇ ಮನುಷ್ಯ ಅಂತ ಕಾಣುತ್ತೆ. ಅಕ್ಕ ಖಡಾಖಂಡಿತ ಬೇಡ ಅಂದಳು. ಮಗಳಿಗೆ ಕೋಪ: “ಏನ್ ಚಿಕ್ಕಮ್ಮ, ಆ ತಾತ ಎಷ್ಟು ಚೆನ್ನಾಗಿ ಹೇಳ್ಕೊಡ್ತಾರಂತೆ ಗೊತ್ತಾ? ನಿಮಗೆಲ್ಲ ಯಾರನ್ನ ಕಂಡ್ರೂ ಡೌಟು.” ಅವಳು ಹೇಳಿದ್ದು ಸುಳ್ಳಲ್ಲ. ಆ ರಸ್ತೆಯವರು ನಮ್ಮನ್ನು ನೋಡಿದ ಹಾಗೆ ನಾವೀಗ ಎಲ್ಲರನ್ನೂ ನೋಡ್ತೀವಿ. ಕಡೆಗೆ ನಾನು ಕೆಳಗೆ ಹೋಗಿ ಮೇಷ್ಟ್ರ ಹತ್ತಿರ ತಿಂಗಳಿಗಿಷ್ಟು ಅಂತ ಮಾತಾಡಿದೆ. ಅವರು ಬೇಡ ಬೇಡ ಅಂದರು. ಜೀವನದಲ್ಲಿ ಮೊದಲ ಸಲ, ದುಡ್ಡು ಕೊಡೋಳಾಗಿ ನಿಂತು ನಾನು ರೇಟು ಮೇಲಕ್ಕೆಳೆದೆ. ಅವಳೀಗ ಹೋಗ್ತಾಳೆ, ಅವರ ಹಾಲ್‌ನಲ್ಲಿ ಕುರ್ಚಿ ಮೇಲೆ ಕೂತ್ಕೋತಾಳೆ. ಅಕ್ಕ ಇನ್ನೂ ಪಾಠ ಮುಗಿಯೋವರೆಗೂ ಮೆಟ್ಟಿಲ ಹತ್ತಿರ ಓಡಾಡ್ತಿರ್ತಾಳೆ.

ನೀವು ನಮ್ಮಂಥವರಾದರೆ, ನನ್ನ ಮಾತು ಕೇಳಿ. ನಿಮ್ಮ ಮಗುವಿಗೆ ಯಾರಾದರೂ ಪುಕ್ಕಟೆ ಪಾಠ ಹೇಳ್ತೀನಿ ಅಂದರೆ ಕೈಮುಗೀರಿ, ಆದರೆ ಮೊದಲ ದಿನವೇ ಸ್ವಲ್ಪವಾದರೂ ಫೀಸು ಗೊತ್ತು ಮಾಡಿಕೊಳ್ಳಿ. ದುಡ್ಡು ಕೊಟ್ಟವರಿಗೆ ಯಾಕೆ ಪಾಠ ನಿಲ್ಲಿಸಿದ್ರಿ ಅಂತ ಕೇಳೋ ಬಾಯಿರುತ್ತೆ. ಮಗುವಿನ ಮೇಲೆ ಕಳ್ಳತನ ಹೊರಿಸಿದರೆ ‘ಎಷ್ಟಾಗತ್ತೆ’ ಅಂತ ಮಾತ್ರ ಕೇಳಬೇಡಿ, ಮರ್ಯಾದೆಗೋಸ್ಕರವೂ ‘ತಪ್ಪಾಯ್ತು’ ಅನ್ನಬೇಡಿ. ‘ಹುಡುಕೋಣ’ ಅನ್ನಿ. ನಿಮ್ಮ ಮಗುವಿನ ಬ್ಯಾಗ್ ನೋಡಿದ ಮೇಲೆ ಅವರ ಮಕ್ಕಳ ಬ್ಯಾಗನ್ನೂ ನೋಡೋಣ ಅಂತ ಅದೇ ದನಿಯಲ್ಲಿ ಹೇಳಿ, ಹುಡುಕೋದು ಮುಗಿಯೋವರೆಗೂ ಗೇಟು ದಾಟಬೇಡಿ. ಅಷ್ಟಾದ ಮೇಲೂ ಅವರು ‘ಹೇಳಿ ಕಳಿಸ್ತೀವಿ’ ಅಂದರೆ ಕಾಯಬೇಡಿ. ಅದೇ ವಾರ ಬೇರೆ ಮೇಷ್ಟ್ರನ್ನ ನೋಡಿ. ಸಿಟ್ಟು, ಅವಮಾನ, ನ್ಯಾಯ ಎಲ್ಲ ಪರೀಕ್ಷೆ ಮುಗಿದ ಮೇಲೆ ಇಟ್ಕೊಳ್ಳಿ. ಪರೀಕ್ಷೆಗೆ ಮಾತ್ರ ಮಗು ಕೂತಿರಲಿ, ಲೆಕ್ಕ ಬಂದಿರಲಿ.