ಅಕ್ಕನ ದನಿ ಕಾಯಲಿಲ್ಲ

ನಮ್ಮ ಬ್ಯಾಂಡಿನಲ್ಲಿ ಹಾಡುತ್ತಿದ್ದವರು ಮೂವರು: ಅಕ್ಕ, ತಂಗಿ, ಪೇಪರಿಗೆ ಊರ ಸುದ್ದಿ ಬರೆಯುವ ನಾನು. ಕುಂದಗೋಳ ತಾಲ್ಲೂಕಿನ ನಮ್ಮೂರ ಮಠದ ಭಜನೆಯಲ್ಲಿ ಕಲಿತ ತತ್ವಪದಗಳಿಗೆ ನಾನು ಗಿಟಾರ್ ಸೇರಿಸಿದೆ. ನವಲಗುಂದದ ಗೆಳೆಯನೊಬ್ಬ ಡ್ರಮ್ಸ್ ಬಾರಿಸುತ್ತಿದ್ದ. ಆದರೆ ಜನ ಬರುತ್ತಿದ್ದುದು ಮೂರು ದನಿ ಒಂದಾಗುವುದನ್ನು ಕೇಳಲು.

ಆ ಮೂರನ್ನೂ ಒಂದು ಮಾಡುತ್ತಿದ್ದವಳು ಅಕ್ಕ. ತಂಗಿಗೆ ಚಿಕ್ಕಂದಿನಿಂದ ಉಬ್ಬಸ. ಸಾಲಿನ ಕೊನೆಯಲ್ಲಿ ಅವಳ ಭುಜ ಏರಿತೆಂದರೆ ಅಕ್ಕ ಕೊನೆಯ ಅಕ್ಷರವನ್ನು ಎಳೆದು ಹಿಡಿಯುತ್ತಿದ್ದಳು. ತಂಗಿ ಉಸಿರು ತೆಗೆದುಕೊಂಡ ಮೇಲೆಯೇ ಮುಂದಿನ ಸಾಲು. ಈ ಬಗ್ಗೆ ನಾವು ಒಮ್ಮೆಯೂ ಮಾತಾಡಿರಲಿಲ್ಲ. ಕೇಳುಗರು ಅದನ್ನು ನಮ್ಮ ಶೈಲಿ ಎಂದುಕೊಂಡಿದ್ದರು.

ಹೋದ ವರ್ಷ ಅಕ್ಕನಿಗೆ ಗಂಟಲ ಗಡ್ಡೆಯ ಆಪರೇಷನ್ ಆಯಿತು. ಗಡ್ಡೆಯ ಜೊತೆ ದನಿಯೂ ಹೋಯಿತು. ಉಳಿದದ್ದು ಪಿಸುಮಾತು.

ಅಣ್ಣಿಗೇರಿಯ ಕಾಲೇಜೊಂದರ ವಾರ್ಷಿಕ ಗ್ಯಾದರಿಂಗಿನಲ್ಲಿ ಹಾಡಲು ಮೊದಲೇ ಒಪ್ಪಿಕೊಂಡಿದ್ದೆವು. ತಂಗಿ ಬೇಡವೆಂದಳು. ನನ್ನ ಫೋನಿನಲ್ಲಿ ಅಕ್ಕ ಒಬ್ಬಳೇ ಹಾಡಿದ ಹಳೆಯ ತಾಲೀಮಿನ ರೆಕಾರ್ಡಿಂಗ್ ಇತ್ತು. ಅದನ್ನು ಸ್ಪೀಕರಿನಲ್ಲಿ ಹಾಕಿ ನಾವಿಬ್ಬರೂ ಜೊತೆಗೆ ಹಾಡುವುದೆಂದು ತಂಗಿಯನ್ನು ಒಪ್ಪಿಸಿದೆ. ಅಕ್ಕನನ್ನು ಕೇಳಲಿಲ್ಲ. ಖುಷಿಪಡುತ್ತಾಳೆಂದು ಅಂದು ವೇದಿಕೆಯ ಮುಂದಿನ ಕುರ್ಚಿಯಲ್ಲಿ ಕೂರಿಸಿದೆ.

"ಏನ್ ನಡಸೀಯೋ?" ಎಂದು ಪಿಸುಗುಟ್ಟಿದಳು.

"ಸುಮ್ನ ಕೂಡಬೇ ಯಕ್ಕಾ. ಗೊತ್ತಾಗ್ತದ."

"ಊರ ಸುದ್ದಿ ಎಲ್ಲಾ ಪೇಪರಿಗೆ ಹಾಕ್ತಿ, ಮನಿ ಸುದ್ದಿ ಹೇಳಾಕ ಬಾಯಿ ಇಲ್ಲ ನಿನಗ."

ಹಾಡಿನ ಮೊದಲ ನುಡಿ ಸರಿಯಾಗಿಯೇ ಹೋಯಿತು. ಎರಡನೆಯದರಲ್ಲಿ ತಂಗಿಯ ಭುಜ ಏರಿತು. ರೆಕಾರ್ಡಿಂಗ್ ಕಾಯಲಿಲ್ಲ, ಒಬ್ಬಳೇ ಹಾಡಿದಾಗ ಅಕ್ಕನಿಗೆ ಯಾರಿಗಾಗಿಯೂ ಕಾಯುವ ಕಾರಣವಿರಲಿಲ್ಲ. ಮುಂದಿನ ಸಾಲು ಶುರುವಾಯಿತು. ತಂಗಿ ಅದನ್ನು ಹಿಡಿಯಲು ಹೋಗಿ ಅರ್ಧ ಶಬ್ದಕ್ಕೆ ಕೆಮ್ಮಿದಳು, ಮೈಕಿನಿಂದ ಹಿಂದೆ ಸರಿದಳು. ಕೆಳಗೆ ಅಕ್ಕ ಕುರ್ಚಿಯಿಂದ ಅರ್ಧ ಎದ್ದಿದ್ದಳು. ಬಾಯಿ ತೆರೆದಿತ್ತು. ಹಿಂದಿನ ಸಾಲಿನ ಕೊನೆಯ ಅಕ್ಷರವನ್ನು ಅವಳು ಇನ್ನೂ ಹಿಡಿದಿದ್ದಳು, ಸದ್ದಿಲ್ಲದೆ. ಸ್ಪೀಕರಿನಲ್ಲಿ ಅವಳದೇ ದನಿ ಮುಂದೆ ಹೋಗಿತ್ತು. ನಾನು ಗಿಟಾರ್ ನಿಲ್ಲಿಸಲಿಲ್ಲ. ಹಾಡು ಮುಗಿಯಿತು, ಚಪ್ಪಾಳೆ ಬಿತ್ತು.

ವಾಪಸಾಗುವಾಗ ಗಾಡಿಯಲ್ಲಿ ತಂಗಿ, "ನಾ ಇನ್ನ ಹಾಡಂಗಿಲ್ಲ," ಎಂದಳು. ಅಕ್ಕ ನನ್ನ ಕಿವಿಯ ಹತ್ತಿರ ಬಂದಳು.

"ನಾ ಎಂದಾರ ಆಕೀನ್ನ ಹಂಗ ಬಿಟ್ಟು ಹೋಗೀನೇನೋ? ಅಳಿಸಿಬಿಡು ಅದನ್ನ."

ಅವಳು ನೋಡುತ್ತಿರುವಂತೆಯೇ ಅಳಿಸಿದೆ. ಅಕ್ಕ ಒಬ್ಬಳೇ ಹಾಡಿದ ರೆಕಾರ್ಡಿಂಗ್ ನಮ್ಮಲ್ಲಿ ಬೇರೆ ಯಾವುದೂ ಇಲ್ಲ.